ಅವ್ವನಿಗೆ ಕೊಡಲು ಒಂದು ಪುಸ್ತಕ

2023ರ ದೀಪಾವಳಿಯ ಮರುದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹಬ್ಬಕ್ಕೆ ಊರಿಗೆ ಬಂದ ಹುಡುಗರು ಹೀಗೆ ಬಂದು ಹೋಗುವುದುಂಟು. ಪುಣೆ, ಮುಂಬಯಿಯಲ್ಲಿ ನೌಕರಿ ಹಿಡಿದವರು ಒಂದು ಡಬ್ಬಿ ಮಿಠಾಯಿ ತಂದು, ಕಾಲು ಮುಟ್ಟಿ, "ಅಕ್ಕೋರೆ, ನಿಮ್ಮ ಕೈಯಾಗ ಛಡಿ ತಿಂದೀವಂತ ಇಷ್ಟರೆ ಆತು ನೋಡ್ರಿ" ಎಂದು ನಮ್ಮನ್ನು ಮುಜುಗರಕ್ಕೆ ಹಚ್ಚಿ ಹೋಗುತ್ತಾರೆ. ಇವನು ಹಾಗೆ ಹೋಗಲಿಲ್ಲ. ಚೂಡಾ ತಿಂದ, ಚಹಾ ಕುಡಿದ, ನಮ್ಮ ಮನೆಯವರು ಹೊಲದ ಕಡೆ ಹೋಗುವ ತನಕ ಸುಮ್ಮನೆ ಕೂತ. ಆಮೇಲೆ ಕೇಳಿದ:

"ಅಕ್ಕೋರೆ, ನಮ್ಮ ಅವ್ವಗ ಓದ್ಲಿಕ್ಕೆ ಕನ್ನಡದಾಗ ಏನರೆ ಪುಸ್ತಕ ಅದ ಏನ್ರಿ?"

"ಯಾತರ ಬಗ್ಗೆಪಾ?"

"ನನ್ನ ಬಗ್ಗೆರಿ."

ಆಮೇಲೆ ಅವನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಇಷ್ಟು ಬರೆಯುವುದಕ್ಕೂ ಅವನನ್ನು ಕೇಳಿಯೇ ಬರೆಯುತ್ತಿದ್ದೇವೆ. ಹೆಸರು ಬೇಡ, ಊರು ಬೇಡ, ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿ ಎಂದರೆ ಸಾಕು. ಅವನಿಗೆ ಹೆಣ್ಣುಮಕ್ಕಳ ಮೇಲೆ ಮನಸ್ಸಾಗುವುದಿಲ್ಲ, ಗಂಡಸರ ಮೇಲೆ ಆಗುತ್ತದೆ. ಹೈಸ್ಕೂಲಿನಲ್ಲಿದ್ದಾಗಲೇ ಗೊತ್ತಾಗಿತ್ತಂತೆ. ಪುಣೆಯಲ್ಲಿ ಮೂರು ವರ್ಷದಿಂದ ಒಬ್ಬನ ಜೊತೆ ಬಾಳುವೆ ಮಾಡುತ್ತಿದ್ದಾನೆ. ಊರವರ ಲೆಕ್ಕಕ್ಕೆ ಆ ಇನ್ನೊಬ್ಬ 'ರೂಮ್ ಪಾರ್ಟ್ನರ್'. ದಸರೆಗೆ ಬಂದಾಗ ಅಪ್ಪ ಮರಾಠಿ ಪೇಪರು ಓದುತ್ತ ಕೂತಿದ್ದರು. ಅದೇ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು, ಇಂಥವರ ಮದುವೆಗೆ ಮಾನ್ಯತೆ ಕೊಡುವುದು ಕೋರ್ಟಿನ ಕೆಲಸವಲ್ಲ, ಶಾಸನ ಮಾಡುವವರದು ಎಂದು ತೀರ್ಪು ಕೊಟ್ಟಿತ್ತು. ಅಪ್ಪ ಪೇಪರು ಮಡಚಿಟ್ಟು "ಇವಕ್ಕ ಲಗ್ನ ಬ್ಯಾರೆ ಕೇಡು" ಎಂದರಂತೆ. ಮಗ ರೊಟ್ಟಿ ಮುರಿಯುತ್ತ ಎದುರಿಗೇ ಕೂತಿದ್ದ. ದೀಪಾವಳಿಗೆ ಬಂದಾಗ ಅವ್ವ ಕನ್ಯಾದ ಫೋಟೋ ತಂದು ಮುಂದಿಟ್ಟರು. ಎರಡು ವರ್ಷದಿಂದ ಒಂದಿಲ್ಲೊಂದು ನೆಪ ಹೇಳಿ ಅವನಿಗೂ ಸಾಕಾಗಿತ್ತು. ಅಡುಗೆಮನೆಯಲ್ಲಿ ಅವ್ವನೊಬ್ಬಳಿದ್ದಾಗ ಹೇಳಿಬಿಟ್ಟ.

ಅವ್ವ ಕೇಳಿದ್ದು ಒಂದೇ ಮಾತು: "ಅಂದ್ರ ನೀ ಜೋಗಪ್ಪ ಆಗ್ತೀಯೇನೋ?"

ಆ ತಾಯಿಯ ತಪ್ಪೇನೂ ಇಲ್ಲ. ನಮ್ಮ ಕಡೆ ಇದಕ್ಕೆ ಇರುವ ಮಾತುಗಳೆಂದರೆ ಒಂದು ರಾಶಿ ಬೈಗುಳ, ಅದು ಬಿಟ್ಟರೆ ಎಲ್ಲಮ್ಮನ ಜೋಗಪ್ಪ. ಸೀರೆ ಉಟ್ಟು, ಜಗ ಹೊತ್ತು, ಸವದತ್ತಿ ಗುಡ್ಡಕ್ಕೆ ಹೋಗುವವರನ್ನು ಆಕೆ ಸಣ್ಣಂದಿನಿಂದ ನೋಡಿದ್ದಾರೆ, ಜೋಳ ನೀಡಿದ್ದಾರೆ, ಕೈ ಮುಗಿದಿದ್ದಾರೆ. ಮಗ ಗಂಡಸಾಗಿಯೇ ಇರುತ್ತಾನೆ, ಪ್ಯಾಂಟು ಶರ್ಟು ಹಾಕಿಕೊಂಡೇ ಹಿಂಜವಡಿಯ ಕಂಪನಿಗೆ ಹೋಗುತ್ತಾನೆ, ಅವನ ಪ್ರೀತಿ ಮಾತ್ರ ಇನ್ನೊಬ್ಬ ಗಂಡಸಿನ ಕಡೆಗೆ ಎಂಬುದನ್ನು ಹೇಳಲು ಆ ಅಡುಗೆಮನೆಯ ಕನ್ನಡದಲ್ಲಿ ಶಬ್ದವೇ ಇರಲಿಲ್ಲ. ಅವನು "ಸಮಲಿಂಗಿ" ಎಂದನಂತೆ. ಆಕೆಗೆ ಲಿಂಗ ಎಂದರೆ ಕೊರಳಲ್ಲಿ ಕಟ್ಟಿಕೊಂಡಿರುವುದು.

ಇಂಗ್ಲಿಷಿನವರು ಇದಕ್ಕೆ 'ಕಮಿಂಗ್ ಔಟ್' ಎನ್ನುತ್ತಾರೆ. ಅದನ್ನು ಕನ್ನಡದಲ್ಲಿ 'ಹೊರಬರುವುದು' ಎಂದು ಬರೆಯುವುದನ್ನು ನೋಡಿದ್ದೇವೆ. ನಮಗೆ ಅದು ಒಗ್ಗಲಿಲ್ಲ. ವ್ಯಾಕರಣದ ಪಾಠ ಮಾಡುವವರ ಚಟ ಅನ್ನಿ ಬೇಕಾದರೆ, ಕನ್ನಡದಲ್ಲಿ 'ಹೇಳು' ಬೇರೆ, 'ಹೇಳಿಕೊಳ್ಳು' ಬೇರೆ. ಸುದ್ದಿಯನ್ನು ಹೇಳುತ್ತೇವೆ, ಸಂಕಟವನ್ನು ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದರೆ ಎದುರಿಗೆ ನಂಬಿಕೆಯವರು ಇರಬೇಕು. ಅವನು ಅವ್ವನ ಎದುರು ಹೇಳಿಕೊಂಡ. ಆಕೆಗೆ ಅರ್ಥವಾಗಲಿಲ್ಲ. ಅದಕ್ಕೇ ಪುಸ್ತಕ ಕೇಳಲು ಬಂದ.

ನಮ್ಮ ಹತ್ತಿರವೇ ಯಾಕೆ ಬಂದ ಎಂದು ನಾವು ಸ್ವಲ್ಪ ಜಂಬದಿಂದಲೇ ಕೇಳಿದೆವು. ಊರಲ್ಲಿ ಕನ್ನಡ ಪುಸ್ತಕ ಇರುವ ಮನೆ ನಿಮ್ಮದೊಂದೇ ಅಲ್ಲೇನ್ರಿ ಎಂದ. ಆಮೇಲೆ ನಿಧಾನಕ್ಕೆ ಇನ್ನೊಂದು ಮಾತು ಹೇಳಿದ, ಜಂಬ ಇಳಿಯುವಂಥದ್ದು.

ಅವನು ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಸ್ನೇಹಸಮ್ಮೇಳನದಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಆಡಿಸಿದ್ದೆವು. ಚೆನ್ನಮ್ಮನ ಪಾತ್ರ ಇವನದೇ. ದನಿ ಚಂದ, ಮಾತು ಸ್ಪಷ್ಟ, ಹುಡುಗಿಯರು ಯಾರೂ ಅಷ್ಟುದ್ದದ ಮಾತು ಬಾಯಿಪಾಠ ಮಾಡಲಿಲ್ಲ. ಊರೆಲ್ಲ ಹೊಗಳಿತು. ಮರುವಾರದಿಂದ ಹುಡುಗರು ಅವನನ್ನು ಚೆನ್ನವ್ವ ಎನ್ನತೊಡಗಿದರು. ಒಂದು ದಿನ ಹಾಜರಿ ಕರೆಯುವಾಗ ನಾವೂ "ಚೆನ್ನಮ್ಮ ಹಾಜರ್ ಅದಾಳೋ ಇಲ್ಲೋ?" ಎಂದೆವಂತೆ. ವರ್ಗವೆಲ್ಲ ನಕ್ಕಿತಂತೆ. ನಾವೂ ನಕ್ಕೆವಂತೆ. ಈ 'ಅಂತೆ' ಯಾಕೆಂದರೆ ನಮಗೆ ಅದರ ನೆನಪೇ ಇಲ್ಲ. ಅವನಿಗೆ ಆವತ್ತು ನಾವು ಉಟ್ಟ ಸೀರೆಯ ಬಣ್ಣವೂ ನೆನಪಿದೆ.

"ಸಿಟ್ಟಿಲ್ರಿ ಅಕ್ಕೋರೆ. ಹತ್ತನೇದು ಮುಗಿಯೂತನಕ ಅದ ಹೆಸರಿತ್ತು, ಅಷ್ಟ."

ಟಿ.ಸಿ.ಎಚ್. ಓದುವಾಗ ಮಗುವಿನ ಮನಸ್ಸಿನ ಬಗ್ಗೆ ಒಂದು ಇಡೀ ಪತ್ರಿಕೆ ಬರೆದು ಪಾಸಾದವರು ನಾವು. ಕಲಿಕೆಯ ನಿಯಮಗಳು, ಬೆಳವಣಿಗೆಯ ಹಂತಗಳು ಇವತ್ತಿಗೂ ಬಾಯಲ್ಲಿವೆ. ಇಂಥ ಮಗು ನಿಮ್ಮ ವರ್ಗದಲ್ಲಿ ಕೂತಿರಬಹುದು ಎಂದು ಒಂದು ಸಾಲೂ ಅದರಲ್ಲಿ ಇದ್ದ ನೆನಪಿಲ್ಲ. 2021ರಲ್ಲಿ ಎನ್‌ಸಿಇಆರ್‌ಟಿ ತೃತೀಯಲಿಂಗಿ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗ್ಗೆ ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತ್ತು. ಆಕ್ಷೇಪ ಬಂದದ್ದೇ ತಡ, ಕೆಲವೇ ದಿನಗಳಲ್ಲಿ ಅದು ಜಾಲತಾಣದಿಂದ ಮಾಯವಾಯಿತು. ಹೀಗಿದ್ದಾಗ ಹಳ್ಳಿಯ ಅಕ್ಕೋರು ಏನು ಕಲಿತಾರು ಎಂದು ಜಾರಿಕೊಳ್ಳಬಹುದಿತ್ತು. ಆದರೆ ನಗಬಾರದು ಎಂದು ತಿಳಿಯಲು ಕೈಪಿಡಿ ಬೇಕಾಗಿರಲಿಲ್ಲ.

ಇರಲಿ. ಪುಸ್ತಕದ ಮಾತಿಗೆ ಬರೋಣ.

ಅವನ ಮೊಬೈಲಿನಲ್ಲಿ ಗೆಳೆಯರು ಕಳಿಸಿದ ದೊಡ್ಡ ಪಟ್ಟಿಯೇ ಇತ್ತು. ಎಲ್ಲ ಇಂಗ್ಲಿಷ್. ಪುಣೆ ವಿದ್ಯಾಪೀಠದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಆರ್. ರಾಜ್ ರಾವ್ ಅವರ 'ದಿ ಬಾಯ್‌ಫ್ರೆಂಡ್' ಕಾದಂಬರಿ ಅದರಲ್ಲಿತ್ತು, ಹೊರದೇಶದವರವು ಹತ್ತಾರು ಇದ್ದವು. ಅವನಿಗೆ ಅವೆಲ್ಲ ಸರಿ. ಅವ್ವನಿಗೆ? ಆಕೆಯ ತವರು ಇಂಡಿ ತಾಲೂಕು. ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವರು. ಕನ್ನಡ ಓದುತ್ತಾರೆ, ಬೆರಳಿಟ್ಟು, ತುಟಿ ಅಲುಗಿಸಿ, ಆದರೆ ಬಿಡದೆ ಓದುತ್ತಾರೆ. ಮರಾಠಿ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಅಪ್ಪ ಇಲ್ಲಿಯವರು, ಮರಾಠಿ ಶಾಲೆ. ಕನ್ನಡ ಮಾತಾಡುತ್ತಾರೆ, ಓದಲು ಬಾರದು. ಒಂದೇ ಮನೆಯಲ್ಲಿ ಎರಡು ಲಿಪಿ! ಗಡಿಯಾಚೆಯ ಕನ್ನಡ ಮನೆಗಳ ಕತೆ ಹೀಗೆಯೇ. ನಾವು ಬಾಲಭಾರತಿಯ ಕನ್ನಡ ಪಠ್ಯಪುಸ್ತಕ ಹಿಡಿದು ಬೆಳಿಗ್ಗೆ ಪಾಠ ಮಾಡುತ್ತೇವೆ, ಮಧ್ಯಾಹ್ನ ತಾಲೂಕು ಕಚೇರಿಗೆ ಮರಾಠಿಯಲ್ಲಿ ಅಹವಾಲು ಬರೆಯುತ್ತೇವೆ. ನಷ್ಟಗಳ ಬಗ್ಗೆ ಬೇಕಾದಷ್ಟು ಅತ್ತಿದ್ದೇವೆ. ಲಾಭವೂ ಒಂದಿದೆ, ಎರಡು ಕಪಾಟುಗಳಿಗೆ ಕೈ ಹಾಕಬಹುದು.

ಮೊದಲು ಮರಾಠಿ ಕಪಾಟು ತೆಗೆದೆವು. ನಮಗೆ ಮೊದಲಿನಿಂದ ಗೊತ್ತಿದ್ದದ್ದು ವಿಜಯ ತೆಂಡೂಲ್ಕರರ 'ಮಿತ್ರಾಚೀ ಗೋಷ್ಟ'. 1981ರಲ್ಲಿ ರಂಗಕ್ಕೆ ಬಂದ ನಾಟಕ, ಮಿತ್ರಾ ಆಗಿ ರೋಹಿಣಿ ಹಟ್ಟಂಗಡಿ. ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಯನ್ನು ಪ್ರೀತಿಸುವ ಮಾತನ್ನು ಮರಾಠಿ ಪ್ರೇಕ್ಷಕರ ಎದುರು ಆ ಕಾಲದಲ್ಲಿ ಆಡಿಸಿದ್ದು ಸಣ್ಣ ಧೈರ್ಯವಲ್ಲ. ಬಾಪು ಎಂಬ ಸಾಧು ಹುಡುಗ ಕತೆ ಹೇಳುತ್ತಾನೆ. ಅವಳನ್ನು ಪ್ರೀತಿಸುತ್ತಾನೆ, ಕಾಪಾಡಲಾರ. ಕೊನೆಗೆ ಮಿತ್ರಾ ಜೀವ ಕಳೆದುಕೊಳ್ಳುತ್ತಾಳೆ. ಮತ್ತೆ ಓದಿದಾಗ ಗಂಟಲು ಕಟ್ಟಿತು. ಆದರೆ ಇದನ್ನು ಆ ಹುಡುಗನ ಮನೆಗೆ ಒಯ್ಯಲಾರೆವು ಎಂದು ಅಲ್ಲೇ ತೀರ್ಮಾನಿಸಿದೆವು. ಮಗ ಇಂಥವನು ಎಂದು ಎಂಟು ದಿನದ ಹಿಂದೆ ತಿಳಿದ ತಾಯಿಗೆ ಸಾಯುವ ಕತೆ ಕೊಡುವುದೆ? ಹಳೆಯ ಕತೆ ಸಿನಿಮಾಗಳಲ್ಲಿ ಇಂಥವರು ಹೆಚ್ಚಾಗಿ ಸಾಯುತ್ತಾರೆ, ಇಲ್ಲವೆ ನಗೆಗೀಡಾಗುತ್ತಾರೆ. ಓದಿದವರಿಗೆ ಅದು ಸಮಾಜದ ಟೀಕೆ ಎಂದು ತಿಳಿಯುತ್ತದೆ. ಅವ್ವನಿಗೆ ಅದು ಭವಿಷ್ಯ ಹೇಳಿದ ಹಾಗಾಗುತ್ತದೆ.

ಸಚಿನ್ ಕುಂಡಲ್ಕರರ 'ಕೋಬಾಲ್ಟ್ ಬ್ಲೂ' 2006ರ ಕಾದಂಬರಿ. ಒಂದೇ ಮನೆಯ ತನಯ ಮತ್ತು ಅನುಜಾ, ಇಬ್ಬರೂ ಮಹಡಿಯ ಮೇಲೆ ಬಾಡಿಗೆಗೆ ಬಂದ ಒಬ್ಬನನ್ನೇ ಪ್ರೀತಿಸುತ್ತಾರೆ. ಅವನು ಇಬ್ಬರನ್ನೂ ಬಿಟ್ಟು ಹೋಗುತ್ತಾನೆ. ಅರ್ಧ ಪುಸ್ತಕ ಅಣ್ಣನ ಮಾತು, ಅರ್ಧ ತಂಗಿಯ ಮಾತು. 2022ರಲ್ಲಿ ಸಿನಿಮಾ ಕೂಡ ಬಂತು. ನಮಗೆ ಬಹಳ ಹಿಡಿಸಿತು. ಗಂಡು ಗಂಡನ್ನು ಪ್ರೀತಿಸಿದ ನೋವೂ ಹೆಣ್ಣು ಗಂಡನ್ನು ಪ್ರೀತಿಸಿದ ನೋವೂ ಒಂದೇ ತೂಕದ್ದು ಎಂದು ಎಲ್ಲೂ ಭಾಷಣ ಮಾಡದೆ ತೋರಿಸುತ್ತದೆ. ಕಾಲೇಜಿಗೆ ಹೋಗುವ ಓದುಗರಿಗೆ ಕಣ್ಣುಮುಚ್ಚಿ ಹೇಳಬಹುದು. ಬೆರಳಿಟ್ಟು ಓದುವವರಿಗೆ ಆಗದು.

ಇನ್ನು ಬಿಂದುಮಾಧವ ಖಿರೆ. ಅಮೆರಿಕಕ್ಕೆ ಹೋಗಿದ್ದ ಇಂಜಿನಿಯರ್, ಪುಣೆಗೆ ಮರಳಿ 2002ರಲ್ಲಿ ಸಮಪಥಿಕ ಟ್ರಸ್ಟ್ ಕಟ್ಟಿದವರು. ಅವರ 'ಪಾರ್ಟ್ನರ್' ಕಾದಂಬರಿಯನ್ನು ನಮ್ಮ ಹುಡುಗ ಕಾಲೇಜಿನ ದಿನಗಳಲ್ಲಿ ಪುಣೆಯ ಫುಟ್‌ಪಾತಿನಲ್ಲಿ ಕೊಂಡು, ವಿಜ್ಞಾನದ ಪುಸ್ತಕದ ರಟ್ಟು ಹಾಕಿ ಓದಿದ್ದನಂತೆ. "ಇದೆಲ್ಲ ನನಗೊಬ್ಬನಿಗ ಅಲ್ಲ ಅಂತ ಆವತ್ತ ಗೊತ್ತಾತ್ರಿ" ಎಂದ. ಖಿರೆಯವರೇ ಸಂಪಾದಿಸಿದ ಇನ್ನೊಂದು ಪುಸ್ತಕ 'ಮನಾಚಿಯೇ ಗುಂತಿ'. ಹೆಸರು ಜ್ಞಾನೇಶ್ವರರ ಅಭಂಗದ ಮಾತು. ಒಳಗೆ ಇರುವುದು ಇಂಥ ಮಕ್ಕಳ ಅಪ್ಪ, ಅವ್ವ, ಬಂಧುಗಳು ತಾವೇ ಹೇಳಿಕೊಂಡ ಅನುಭವ. ಈ ಪುಸ್ತಕದ ಸುದ್ದಿ ಮುಂದೆ ಬರುತ್ತದೆ.

ಕನ್ನಡದ ಕಪಾಟಿಗೆ ಬಂದಾಗ ನಾವೊಂದು ಘನಕಾರ್ಯ ಮಾಡಿದೆವು.

ನೋಡಿ, ಈ ವಿಷಯದಲ್ಲಿ ಕನ್ನಡ ಬಡವಾಗಿಲ್ಲ. ರೇವತಿಯವರ ಆತ್ಮಕತೆ 'ಬದುಕು ಬಯಲು' ದು. ಸರಸ್ವತಿಯವರ ಕನ್ನಡದಲ್ಲಿದೆ, ಹೆಗ್ಗೋಡಿನ ಜನಮನದಾಟದವರು ಅದನ್ನು ನಾಟಕ ಮಾಡಿ ಊರೂರು ತಿರುಗಿದ್ದಾರೆ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಬದುಕು 'ನಾನು ಅವನಲ್ಲ ಅವಳು' ಸಿನಿಮಾ ಆಗಿ 2015ರಲ್ಲಿ ತೆರೆಗೆ ಬಂತು, ಸಂಚಾರಿ ವಿಜಯ್ ಅದಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಮಂಜಮ್ಮ ಜೋಗತಿಯವರು ಹೇಳಿ ಅರುಣ್ ಜೋಳದಕೂಡ್ಲಿಗಿಯವರು ಬರೆದ 'ನಡುವೆ ಸುಳಿವ ಹೆಣ್ಣು' ಇದೆ. ಜೇಡರ ದಾಸಿಮಯ್ಯನ ವಚನವನ್ನು ಬಲ್ಲವರಿಗೆ ಆ ಹೆಸರಿನ ಮೂಲ ತಕ್ಷಣ ಹೊಳೆಯುತ್ತದೆ. ಆ ಅವ್ವನಿಗೆ ವಚನಗಳು ಕಂಠಪಾಠ. ಮಂಜಮ್ಮನನ್ನೂ ಆಕೆ ಬಲ್ಲರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಎಲ್ಲರ ಮೊಬೈಲಿನಲ್ಲೂ ನೋಡಿದ್ದೇವಲ್ಲ. ವಚನದ ಹೆಸರು, ಗೊತ್ತಿದ್ದ ಮುಖ, ಬಳ್ಳಾರಿ ಸೀಮೆಯ ಮಾತು. ಇದಕ್ಕಿಂತ ಒಳ್ಳೆಯ ಪುಸ್ತಕ ಯಾವುದು ಎಂದುಕೊಂಡು ಕಲಬುರಗಿಯಿಂದ ತರಿಸಿ ನಾವೇ ಹೋಗಿ ಕೊಟ್ಟು ಬಂದೆವು.

ನಾಲ್ಕು ದಿನಕ್ಕೆ ಆಕೆ ನಮ್ಮ ಮನೆ ಬಾಗಿಲಿಗೆ ಬಂದರು. ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಕಣ್ಣು ಬಾತಿದ್ದವು.

"ಅಕ್ಕೋರೆ, ನೀವೂ ಹಂಗ ಅಂತೀರೇನ್ರಿ? ನನ್ನ ಮಗ ಮನಿ ಬಿಡ್ತಾನ? ಮುತ್ತು ಕಟ್ಟಿಸ್ಕೋತಾನ?"

ನಮಗೆ ಆಗ ಬುದ್ಧಿ ಬಂತು. ಜೋಗಪ್ಪ ಆಗುತ್ತಾನೇನೋ ಎಂದು ಹೆದರಿದ ತಾಯಿಗೆ ನಾವು ಜೋಗತಿಯ ಕತೆ ಕೊಟ್ಟಿದ್ದೆವು! ಮಂಜಮ್ಮನ ಪುಸ್ತಕದ ತಪ್ಪಲ್ಲ ಅದು. ಅದು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಿದ ಜೀವದ ಕತೆ, ಅಂಥ ಮಗುವಿನ ತಾಯಿಗೆ ಮೊದಲು ಕೊಡಬೇಕಾದ ಪುಸ್ತಕ. ಇವನ ಕತೆ ಬೇರೆ. ತಾನು ಯಾರು ಎಂಬುದು ಒಂದು ಪ್ರಶ್ನೆ, ಯಾರ ಮೇಲೆ ಮನಸ್ಸು ಎಂಬುದು ಇನ್ನೊಂದು. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ಊರವರ ರೂಢಿ, ನಾವೂ ಅದನ್ನೇ ಮಾಡಿದ್ದೆವು. ಕನ್ನಡದಲ್ಲಿ ಒಂದು ಪ್ರಶ್ನೆಗೆ ಪುಸ್ತಕಗಳ ಸಾಲೇ ಇದೆ. ಇನ್ನೊಂದಕ್ಕೆ ಕೈಬೆರಳು ಮಡಚುವಷ್ಟೂ ಸಿಗಲಿಲ್ಲ.

ಆವತ್ತು ಆಕೆಯನ್ನು ಕೂರಿಸಿ, ಎಷ್ಟು ತಿಳಿದಿತ್ತೋ ಅಷ್ಟು ಹೇಳಿದೆವು. ಸೀರೆ ಉಡುವುದಿಲ್ಲ, ಮನೆ ಬಿಡುವುದಿಲ್ಲ, ನಿಮ್ಮ ಮಗ ನಿಮ್ಮ ಮಗನಾಗಿಯೇ ಇರುತ್ತಾನೆ. ಕೇಳಿದರು. ನಂಬಿದರು ಎನ್ನಲಾರೆವು. ಹೋಗುವಾಗ, "ಅದರಾಗ ಅತ್ತದ್ದು ಭಾಳ ಅದರಿ. ನಗೂದು ಏನರೆ ಇದ್ರ ಕೊಡ್ರಿ" ಎಂದರು.

ನಗುವುದು ಎಂದೊಡನೆ ನೆನಪಾದದ್ದು ವಸುಧೇಂದ್ರರ 'ನಮ್ಮಮ್ಮ ಅಂದ್ರೆ ನಂಗಿಷ್ಟ'. ಇದಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲ. ಸಂಡೂರಿನ ಮನೆ, ಅಮ್ಮ, ಬಡತನ, ಸಣ್ಣ ಸಣ್ಣ ಆಸೆಗಳು, ಜಗಳಗಳು. ಓದುತ್ತ ನಗು ಬರುತ್ತದೆ, ನಗುತ್ತಿರುವಾಗಲೇ ಕಣ್ಣು ಒದ್ದೆಯಾಗುತ್ತದೆ. ಆಗ ನಮ್ಮ ತಲೆಯಲ್ಲಿ ಯಾವ ಯುಕ್ತಿಯೂ ಇರಲಿಲ್ಲ, ಆಕೆ ನಾಲ್ಕು ದಿನ ನಗಲಿ ಎಂದಷ್ಟೇ ಕೊಟ್ಟೆವು. ಹದಿನೈದು ದಿನ ಇಟ್ಟುಕೊಂಡರು. ಓಣಿಯ ಹೆಂಗಸರನ್ನು ಕೂರಿಸಿಕೊಂಡು ಓದಿ ಹೇಳಿದರಂತೆ. ಮರಳಿ ಕೊಡಲು ಬಂದಾಗ ಪುಸ್ತಕಕ್ಕೆ ಪೇಪರಿನ ರಟ್ಟು ಹಾಕಿತ್ತು, ಮುಖದ ಮೇಲೆ ಕಳೆ ಇತ್ತು.

"ಹೆಂಥಾ ಮಗ ನೋಡ್ರಿ ಅಕ್ಕೋರೆ! ತಾಯಿ ಹೊಟ್ಟಿ ತಣ್ಣಗಿರಲಿ. ಅವ್ವನ್ನ ಇಷ್ಟು ಯಾರು ನೋಡ್ತಾರ ಈಗ. ಲಗ್ನ ಆಗ್ಯಾದೇನ್ರಿ ಅವರದು?"

ಆಗ ಹೇಳಿದೆವು. ಇಲ್ಲ, ಆಗಿಲ್ಲ. ಅವರೂ ನಿಮ್ಮ ಮಗನಂಥವರೇ. 2013ರಲ್ಲಿ 'ಮೋಹನಸ್ವಾಮಿ' ಎಂಬ ಕತೆಗಳ ಪುಸ್ತಕ ತಂದು, ಇದು ನನ್ನ ಬದುಕಿನದೇ ಮಾತು ಎಂದು ಎಲ್ಲರೆದುರು ಹೇಳಿಕೊಂಡರು. ಅದಕ್ಕಿಂತ ಮೊದಲು ಆ ಮೋಹನಸ್ವಾಮಿಯ ಕತೆ ಒಂದು ಪತ್ರಿಕೆಯಲ್ಲಿ ಬಂದಾಗ ಬೇರೆ ಹೆಸರು ಇಟ್ಟುಕೊಂಡಿದ್ದರು. ಅಷ್ಟು ಓದುಗರು ಇದ್ದವರಿಗೂ ಹೆದರಿಕೆ ಇತ್ತು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ರಟ್ಟು ಹಾಕಿದ ಪುಸ್ತಕವನ್ನು ಮತ್ತೆ ಕೈಗೆ ತೆಗೆದುಕೊಂಡರು. ಹಿಂದೆ ಮುಂದೆ ತಿರುವಿದರು. ಕೊನೆಗೆ, "ಇದರಾಗ ಹಂಗ ಎಲ್ಲೂ ಕಾಣ್ಲೇ ಇಲ್ಲಲ್ರಿ" ಎಂದರು. ಕಾಣುವಂಥದ್ದು ಏನಿರುತ್ತದೆ ಎಂದು ನಾವೂ ಸುಮ್ಮನಾದೆವು.

ನಮ್ಮ ಹುಡುಗನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವನು ಎಷ್ಟೋ ಹೊತ್ತು ನಕ್ಕ. "ನಾ ಹತ್ತು ಸಾವಿರ ರೂಪಾಯಿದು ಪುಸ್ತಕ ತೊಗೊಂಡೀನ್ರಿ, ಒಂದೂ ಕೆಲಸಕ್ಕ ಬರ್ಲಿಲ್ಲ" ಎಂದ.

ಅಪ್ಪನ ಕಡೆಯದು ಇಷ್ಟು ಸುಲಭವಾಗಲಿಲ್ಲ. ಸಂಕ್ರಮಣಕ್ಕೆ ಮಗ ಬಂದಾಗ ಅವರಿಗೂ ವಿಷಯ ತಿಳಿಯಿತು. ಕೂಗಾಡಲಿಲ್ಲ, ಸೊಲ್ಲಾಪುರದ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಆ ವೈದ್ಯರು ಆರು ತಿಂಗಳು ಗುಳಿಗೆ, ಇಂಜೆಕ್ಷನ್, ಆಮೇಲೆ ಲಗ್ನ ಮಾಡಿರಿ ಎಂದರಂತೆ. ಫೀ ಬೇರೆ ದೊಡ್ಡದು. ಹುಡುಗ ಅಲ್ಲಿಂದಲೇ ನಮಗೆ ಫೋನ್ ಮಾಡಿದ. ಅವನ ದನಿ ಕೇಳಿ ಆ ರಾತ್ರಿ ನಾವು ಸರಿಯಾಗಿ ಮಲಗಲಿಲ್ಲ. ಮರುದಿನ ರವಿವಾರ, ಸಿಕ್ಕದ್ದನ್ನೆಲ್ಲ ಓದಿ ಒಂದು ಕಾಗದದ ಮೇಲೆ ಮರಾಠಿಯಲ್ಲಿ ಬರೆದುಕೊಂಡು ಅವರ ಮನೆಗೆ ಹೋದೆವು.

ಅಮೆರಿಕದ ಮನೋವೈದ್ಯರ ಸಂಘ 1973ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘವೂ ಇದು ರೋಗವಲ್ಲ ಎಂದು 2018ರಲ್ಲಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ನಡೆದುಕೊಂಡರೆ ಅದು ಅಪರಾಧವಲ್ಲ ಎಂದಿತು. 1860ರಿಂದ ಇದ್ದ 377ನೆಯ ಕಲಮಿನ ಆ ಭಾಗ ಬಿದ್ದುಹೋಯಿತು. (ಮುಂದೆ 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಂತೂ ಆ ಕಲಮೇ ಇಲ್ಲ.) ಹೀಗೆ 'ಸರಿ ಮಾಡುತ್ತೇವೆ' ಎಂದು ಔಷಧ ಕೊಡುವುದು ವೈದ್ಯರ ವೃತ್ತಿಗೆ ತಕ್ಕ ನಡತೆಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆದಿದೆ.

ಅಪ್ಪ ಕಾಗದ ಓದಿದರು. "ಕೋರ್ಟನ್ಯಾಗ ಬರದ್ರ ನಮ್ಮ ಓಣ್ಯಾಗ ನಡೀತದೇನ್ರಿ ಬಾಯಿ?" ಎಂದರು. ಮಾತು ಸುಳ್ಳಲ್ಲ. ಆದರೆ ಇಂಜೆಕ್ಷನ್ನಿನ ಮಾತು ಅಲ್ಲಿಗೆ ನಿಂತಿತು. ಅಷ್ಟೇ ನಾವು ಬೇಡಿದ್ದು.

ಅವರಿಗೆ ಬಿಟ್ಟು ಬಂದದ್ದು 'ಮನಾಚಿಯೇ ಗುಂತಿ'. ಓದಿದರೋ ಇಲ್ಲವೋ ಬಹಳ ದಿನ ತಿಳಿಯಲಿಲ್ಲ. ಟಿವಿಯ ಮೇಲೆಯೇ ಬಿದ್ದಿತ್ತು. ಹಂಗಾಮಿನಲ್ಲಿ ತೊಗರಿ ರಾಶಿಯ ಹೊತ್ತಿಗೆ ಒಂದು ದಿನ ಹೊಲದ ದಾರಿಯಲ್ಲಿ ಸಿಕ್ಕರು. ಗಾಡಿ ನಿಲ್ಲಿಸಿ, ಯಾರನ್ನೋ ಬೈಯುವ ದನಿಯಲ್ಲಿ, "ಆ ಪುಸ್ತಕದಾಗ ಅಪ್ಪಗೋಳು ಮಾತಾಡಿದ್ದು ಓದೀನ್ರಿ" ಎಂದರು. ಮುಂದೆ ಏನಾದರೂ ಹೇಳುತ್ತಾರೆಂದು ಕಾದೆವು. ಎತ್ತಿಗೆ ಬಾರುಕೋಲು ತೋರಿಸಿ ಹೋದರು. ಮಗನ ಜೊತೆ ಈಗಲೂ ಮಾತು ಕಡಿಮೆ. ಪೇಪರು ಓದಿ ಟೀಕೆ ಮಾಡುವುದು ನಿಂತಿದೆ ಎಂದು ಅವ್ವ ಹೇಳುತ್ತಾರೆ.

ನಮ್ಮಂಥ ಮಾಸ್ತರರಿಗೆ, ಅಕ್ಕೋರಿಗೆ ಒಂದೇ ಒಂದು ಓದು ಹೇಳಿರಿ ಎಂದರೆ ನಾವು ಕತೆ ಕಾದಂಬರಿ ಬಿಟ್ಟು ಮದ್ರಾಸ್ ಹೈಕೋರ್ಟಿನ ಒಂದು ಆದೇಶವನ್ನು ಹೇಳುತ್ತೇವೆ. ಮದುರೆಯ ಇಬ್ಬರು ಯುವತಿಯರು ಮನೆಯವರ ಕಾಟಕ್ಕೆ ಚೆನ್ನೈಗೆ ಹೋಗಿ, ರಕ್ಷಣೆ ಬೇಡಿ ಕೋರ್ಟಿಗೆ ಬಂದರು. ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು, ಈ ವಿಷಯದಲ್ಲಿ ನನಗೇ ತಿಳಿವಳಿಕೆ ಸಾಲದು, ನನ್ನಲ್ಲೂ ಪೂರ್ವಗ್ರಹ ಇದೆ ಎಂದು ಬಹಿರಂಗವಾಗಿ ಒಪ್ಪಿಕೊಂಡು, ಒಬ್ಬ ಮನಃಶಾಸ್ತ್ರಜ್ಞರ ಎದುರು ವಿದ್ಯಾರ್ಥಿಯ ಹಾಗೆ ಕೂತು ಕಲಿತು ಬಂದರು. ಆಮೇಲೆ 2021ರ ಜೂನ್ 7ರಂದು ಆದೇಶ ಕೊಟ್ಟರು. ಪೊಲೀಸರು ಹೀಗೆ ನಡೆದುಕೊಳ್ಳಬೇಕು, 'ಸರಿಪಡಿಸುವ' ಚಿಕಿತ್ಸೆ ಕೂಡದು, ಶಾಲೆಗಳಲ್ಲಿ ಮಕ್ಕಳಿಗೂ ತಾಯಿತಂದೆಯರಿಗೂ ತಿಳಿವಳಿಕೆ ಕೊಡಬೇಕು ಎಂದೆಲ್ಲ ಅದರಲ್ಲಿದೆ. ನಮಗೆ ಮನಸ್ಸಿಗೆ ತಾಗಿದ್ದು ಆ ಮೊದಲಿನ ಭಾಗ. ಖುರ್ಚಿಯ ಮೇಲೆ ಕೂತವರು 'ನನಗೆ ಗೊತ್ತಿಲ್ಲ, ಕಲಿಯುತ್ತೇನೆ' ಎಂದದ್ದು. ಇಪ್ಪತ್ತು ವರ್ಷ ಖುರ್ಚಿಯ ಮೇಲೆ ಕೂತು ಹಾಜರಿ ಕರೆದ ನಾವು ಒಮ್ಮೆಯೂ ಹಾಗೆ ಅಂದವರಲ್ಲ.

ಈ ವರ್ಷ ನಮ್ಮ ಐದನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದಾನೆ. ಹುಡುಗಿಯರ ಜೊತೆ ಕುಂಟಬಿಲ್ಲೆ ಆಡುತ್ತಾನೆ. ಅವನು ಯಾರೋ, ಮುಂದೆ ಏನಾಗುತ್ತಾನೋ, ಅದು ನಮಗೆ ಬೇಡದ ವಿಚಾರ. ಹುಡುಗರು ಅವನಿಗೊಂದು ಹೆಸರು ಇಡಲು ಶುರು ಮಾಡಿದ್ದರು. ನಾವು ಈ ಸಲ ನಗಲಿಲ್ಲ. ಹೆಸರು ನಿಂತಿದೆಯೋ, ನಮ್ಮ ಕಿವಿಗೆ ಬೀಳದ ಹಾಗೆ ನಡೆದಿದೆಯೋ ತಿಳಿಯದು. ಬಿಡುವಿನ ಹೊತ್ತಿನಲ್ಲಿ ಬಾವಿಯ ಕಡೆ ಒಂದು ಸುತ್ತು ಹೋಗಿ ಬರುತ್ತೇವೆ.

'ಮೋಹನಸ್ವಾಮಿ'ಯನ್ನು ಅವ್ವನಿಗೆ ಕೊಡುವುದೋ ಬೇಡವೋ ಎಂದು ನಾವು ಒಂದು ವರ್ಷ ಯೋಚಿಸಿದೆವು. ಅದು ಮುಚ್ಚುಮರೆಯ ಪುಸ್ತಕವಲ್ಲ. ದೇಹದ ಮಾತುಗಳಿವೆ. ಜೊತೆಗಿದ್ದವನು ಹುಡುಗಿಯನ್ನು ಮದುವೆಯಾಗಲು ಹೊರಟು ಹೋದಾಗಿನ ಒಂಟಿತನ ಇದೆ. ಓಣಿಯ ಹುಡುಗರ ಹೀಯಾಳಿಕೆ ಇದೆ, ಸೈಕಲ್ಲಿನ ಕತೆಯೊಂದಿದೆ, ಕೊನೆಗೆ ಕಿಲಿಮಂಜಾರೋ ಪರ್ವತ ಹತ್ತುವುದೂ ಇದೆ. ನಾವು ಓದುವಾಗ ಎರಡು ಸಲ ಪುಸ್ತಕ ಮುಚ್ಚಿಟ್ಟು ನೀರು ಕುಡಿದೆವು. ಒಮ್ಮೆ ನಾಚಿಕೆಗೆ, ಒಮ್ಮೆ ಆ ಹುಡುಗರ ಹೀಯಾಳಿಕೆಯ ಹತ್ತಿರ. ಇದನ್ನು ಅರವತ್ತರ ಹತ್ತಿರದ ಹೆಣ್ಣುಮಗಳಿಗೆ ಹೇಗೆ ಕೊಡುವುದು? ಹುಡುಗನನ್ನು ಕೇಳಿದರೆ "ನಿಮಗ ಬಿಟ್ಟದ್ದ್ರಿ" ಎಂದು ಜಾರಿಕೊಂಡ. ಆಕೆಯೇ ಮೂರು ಸಲ ಕೇಳಿದರು, "ಆ ಇನ್ನೊಂದು ಪುಸ್ತಕ ಅದ ಅಂದಿದ್ರೆಲ್ರಿ?"

ಕಳೆದ ಗಡ್ಡದ ಜಾತ್ರೆ ಮುಗಿಸಿ ಬಂದ ಮೇಲೆ, ಮೂರು ಕತೆಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಇವನ್ನಷ್ಟು ಓದಿರಿ, ಉಳಿದದ್ದು ಆಮೇಲೆ ನೋಡೋಣ ಎಂದು ಶಾಲೆಯ ಮಕ್ಕಳಿಗೆ ಹೇಳಿದ ಹಾಗೆ ಹೇಳಿ ಕೊಟ್ಟೆವು.

ಎಂಟು ದಿನ ಬಿಟ್ಟು ಹಿಟ್ಟಿನ ಗಿರಣಿಯ ಹತ್ತಿರ ಸಿಕ್ಕರು. ಕೈಯಲ್ಲಿ ಎರಡು ಡಬ್ಬಿ ಶೇಂಗಾ ಹಿಂಡಿ. ಪುಣೆಗೆ ಹೋಗುವ ಯಾರದೋ ಕೈಯಲ್ಲಿ ಕಳಿಸಲು ಬಂದಿದ್ದರು. ಇಷ್ಟು ದಿನ ಒಂದೇ ಡಬ್ಬಿ ಹೋಗುತ್ತಿತ್ತು. ಆ ಇನ್ನೊಂದು ಡಬ್ಬಿಯಲ್ಲಿ ಖಾರ ಕಡಿಮೆ ಹಾಕಿದ್ದಾರಂತೆ, "ಆ ಹುಡುಗ ನಾಶಿಕ ಕಡೆದಾಂವಂತ, ನಮ್ಮಷ್ಟು ತಿಂದಾನೋ ಇಲ್ಲೋ."

ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿದೆವು. ಅತ್ತಿತ್ತ ನೋಡಿ, ಗಿರಣಿಯ ಸದ್ದಿನಲ್ಲಿ ನಮ್ಮ ಕಿವಿಯ ಹತ್ತಿರ ಬಾಗಿ ಹೇಳಿದರು:

"ನೀವು ಗುರ್ತ ಹಾಕಲಾರದ್ದು ಮದಲ ಓದಿದ್ನಿರಿ ಅಕ್ಕೋರೆ."